ಲಗ್ನಪತ್ರಿಕೆ ಅಂತ ಒತ್ತಿದೆ, ಈಗ ಬ್ಯಾಂಕಿನ ಮೆಸೇಜೇ ಬರ್ತಿಲ್ಲ. ಏನು ಮಾಡಲಿ?

ನಿಟುವಳ್ಳಿ ಕಿರಾಣಿ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಿಟುವಳ್ಳಿಯಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ. ಫೋನಿನ ವಿಷಯದಲ್ಲಿ ನಾನು ತೀರಾ ದಡ್ಡನೇನಲ್ಲ. ಓಟಿಪಿ ಯಾರಿಗೂ ಹೇಳಬೇಡಿ ಅಂತ ಅಂಗಡಿಗೆ ಬರುವ ಅಜ್ಜಿಯರಿಗೆಲ್ಲ ಬುದ್ಧಿ ಹೇಳುವವನೇ ನಾನು. ಆದರೂ ಸಿಕ್ಕಿಬಿದ್ದೆ.

ಮೊನ್ನೆ ಭಾನುವಾರ ಸಂಜೆ ಹರಿಹರದ ಸೋದರಮಾವನ ನಂಬರಿನಿಂದ ವಾಟ್ಸಾಪ್‌ಗೆ ಒಂದು ಫೈಲ್ ಬಂತು. ಹೆಸರು ‘ಲಗ್ನಪತ್ರಿಕೆ’, ಪಕ್ಕದಲ್ಲಿ ಚುಕ್ಕಿ, ಆಮೇಲೆ ಎಪಿಕೆ, ಅಂದರೆ ಫೋನಿಗೆ ಆಪ್ ಹಾಕುವ ಫೈಲ್. ಕೆಳಗೆ ‘ತಪ್ಪದೆ ಬನ್ನಿ’ ಅಂತ ಕೈ ಮುಗಿದ ಚಿತ್ರ. ಅಂಗಡಿಯಲ್ಲಿ ಗಿರಾಕಿಗಳು ಜಾಸ್ತಿ ಇದ್ದರು. ಒಂದು ಕೈಯಲ್ಲಿ ಮಂಡಕ್ಕಿ ಅಳೆಯುತ್ತಾ ಇನ್ನೊಂದು ಕೈಯಲ್ಲಿ ಒತ್ತಿದೆ. ಮಾವನ ಮನೆಯಲ್ಲಿ ಮದುವೆಗೆ ಬಂದವರು ಯಾರೂ ಇಲ್ಲ. ಇರುವ ಒಬ್ಬ ಮಗನಿಗೆ ಮದುವೆಯಾಗಿ 6 ವರ್ಷ ಆಯ್ತು. ಅದೂ ಹೊಳೆಯಲಿಲ್ಲ ನೋಡಿ.

ಫೋನ್ ಪಾಪ ಮೊದಲು ತಡೆಯಿತು. ಇಲ್ಲಿಂದ ಬಂದ ಆಪ್ ಹಾಕಲು ಅನುಮತಿ ಇಲ್ಲ ಅಂತೇನೋ ತೋರಿಸಿತು. ಪಕ್ಕದಲ್ಲಿ ಸೆಟ್ಟಿಂಗ್ಸ್ ಅಂತ ಇತ್ತು. ಅದನ್ನು ಒತ್ತಿ, ಒಳಗಿದ್ದ ಬಟನ್ ಆನ್ ಮಾಡಿದೆ. ಆಮೇಲೆ ಒಂದರ ಹಿಂದೊಂದು ಏನೇನೋ ಕೇಳಿತು. ಎಲ್ಲದಕ್ಕೂ ‘ಅಲೋ’ ಒತ್ತುತ್ತಾ ಹೋದೆ. ಪತ್ರಿಕೆ ತೆರೆಯಲು ಹೆಸರು, ಮೊಬೈಲ್ ನಂಬರ್, ಹುಟ್ಟಿದ ತಾರೀಖು ಹಾಕಿ ಅಂತು. ಅದನ್ನೂ ಹಾಕಿದೆ. ಕೊನೆಗೆ ಬರೀ ಬಿಳಿ ಪರದೆ. ಪತ್ರಿಕೆಯೂ ಇಲ್ಲ, ಆಪಿನ ಐಕಾನೂ ಮಾಯ.

ರಾತ್ರಿ 9ರ ಹೊತ್ತಿಗೆ ಫೋನ್ ಮೇಲೆ ಫೋನ್. “ಯಾರ ಮದುವೆ ಅಣ್ಣಾ?” ಅಂತ. ನನ್ನ ನಂಬರಿನಿಂದ ಅದೇ ಫೈಲ್ 4 ಗ್ರೂಪಿಗೆ ಹೋಗಿದೆ. ಅದರಲ್ಲಿ ಒಂದು ಮಗಳ ಶಾಲೆಯ ಪೋಷಕರ ಗ್ರೂಪ್. ಮನೆಯಾಕೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಇನ್ನೊಂದು ವಿಚಿತ್ರ ಇದೆ. ಗಿರಾಕಿ ಸ್ಕ್ಯಾನ್ ಮಾಡಿದರೆ ಗಲ್ಲಾ ಪಕ್ಕದ ಡಬ್ಬಿ ‘ನಲವತ್ತು ರೂಪಾಯಿ’ ಅಂತ ಕೂಗುತ್ತೆ. ಆದರೆ ಬ್ಯಾಂಕಿನ ಮೆಸೇಜ್ ಭಾನುವಾರ ಸಂಜೆಯಿಂದ ಒಂದೂ ಬಂದಿಲ್ಲ. ಬ್ಯಾಲೆನ್ಸ್ ನೋಡಿದೆ, ದುಡ್ಡು ಸರಿ ಇದೆ.

ಕಾಣದ ಆಪ್ ತೆಗೆಯುವುದು ಹೇಗೆ? ಫೋನ್ ಪೂರ್ತಿ ಅಳಿಸಲೇಬೇಕಾ? ಉದ್ರಿ ಪುಸ್ತಕದ ಫೋಟೋಗಳೆಲ್ಲ ಇದರಲ್ಲೇ ಇವೆ. ಪುಸ್ತಕಕ್ಕೆ ಎಣ್ಣೆ ಬಿದ್ದು ಹೋದ ತಿಂಗಳೇ ಹಾಳಾಯ್ತು.

ಖಾಲಿದೋಸೆ:

ಟೆನ್ಷನ್ ಬೇಡ ಅಣ್ಣ. ಪ್ಲೇ ಸ್ಟೋರ್‌ನಲ್ಲಿ ಫ್ರೀ ಆಂಟಿವೈರಸ್ ಬೇಕಾದಷ್ಟಿವೆ. ಒಂದು ಹಾಕಿ ಸ್ಕ್ಯಾನ್ ಕೊಡಿ, ತಾನೇ ಹಿಡಿದು ತೆಗೆಯುತ್ತೆ. ಒಂದು ಫೋನ್ ಕ್ಲೀನರನ್ನೂ ಹಾಕಿಬಿಡಿ.

ರಿಪೇರಿ ಟೇಬಲ್:

ಅಣ್ಣ, ಇದನ್ನು ಅದೇ ಫೋನಿನಲ್ಲಿ ಓದುತ್ತಿದ್ದೀರಾ? ಹಾಗಿದ್ದರೆ ನಿಲ್ಲಿಸಿ. ಡೇಟಾ, ವೈಫೈ ಎರಡೂ ಆಫ್ ಮಾಡಿ. ಸಿಮ್ ಹೊರಗೆ ತೆಗೆದು ಮನೆಯಲ್ಲಿ ಹಳೇ ಬಟನ್ ಫೋನ್ ಇದ್ದರೆ ಅದಕ್ಕೆ ಹಾಕಿ. ಆಮೇಲೆ ಮನೆಯವರ ಫೋನಿನಲ್ಲಿ ಮುಂದೆ ಓದಿ. ತಮ್ಮಾ ಖಾಲಿದೋಸೆ, ಇರುವ ಕಳ್ಳನನ್ನು ಓಡಿಸೋಕೆ ಇನ್ನಿಬ್ಬರು ಗುರುತಿಲ್ಲದವರನ್ನು ಮನೆಗೆ ಕರೆಯೋದು ಬೇಡ.

ನಾನು ಅಶೋಕ ರಸ್ತೆ ಕಡೆ ಮೊಬೈಲ್ ರಿಪೇರಿ ಮಾಡುವವನು. ಇಂಥ ಫೋನ್ ನನ್ನ ಟೇಬಲ್ಲಿಗೆ ಬಂದದ್ದು ಇದೇ ಮೊದಲಲ್ಲ. ಒಬ್ಬರಿಗೆ ‘ನಿಮ್ಮ ಕೆಎ 17 ಗಾಡಿಗೆ ದಂಡ ಬಿದ್ದಿದೆ, ಚಲನ್ ನೋಡಿ’ ಅಂತ ಬಂದಿತ್ತು. ಮೆಕ್ಕೆಜೋಳ ಮಾರಲು ಊರಿನಿಂದ ಬಂದಿದ್ದ ಒಬ್ಬ ರೈತರಿಗೆ ಪಿಎಂ ಕಿಸಾನ್ ಹೆಸರಲ್ಲಿ. ಮೇಲಿನ ಹೆಸರು ಬೇರೆ, ಒಳಗೆ ಮಾಡುವ ಕೆಲಸ ಒಂದೇ.

ನಿಮಗೆ ಮೆಸೇಜ್ ನಿಂತಿದೆ ಅಂದಿರಲ್ಲ, ಅದೇ ಗುಟ್ಟು. ಅನುಮತಿ ಕೊಟ್ಟರೆ ಯಾವ ಆಪ್ ಬೇಕಾದರೂ ಎಸ್ಎಂಎಸ್ ಓದಬಹುದು. ಆದರೆ ಬಂದದ್ದನ್ನು ಅಳಿಸುವ, ನಿಮಗೆ ಕಾಣದ ಹಾಗೆ ಮಾಡುವ ಅಧಿಕಾರ ಒಂದೇ ಆಪಿಗೆ. ಅದಕ್ಕೆ ಡೀಫಾಲ್ಟ್ ಎಸ್ಎಂಎಸ್ ಆಪ್ ಅಂತಾರೆ. 2013ರಲ್ಲಿ ಬಂದ ಆಂಡ್ರಾಯ್ಡ್ 4.4ರಿಂದಲೂ ಹೀಗೇ. ನೀವು ಸಾಲಾಗಿ ‘ಅಲೋ’ ಒತ್ತಿದಾಗ ಈ ಕುರ್ಚಿಯನ್ನೂ ಅದಕ್ಕೆ ಬಿಟ್ಟುಕೊಟ್ಟಿದ್ದೀರಿ. ಬ್ಯಾಂಕು ಮೆಸೇಜ್ ಕಳಿಸುತ್ತಲೇ ಇದೆ. ಅದು ಹೋಗಿ ಸೇರುತ್ತಿರುವುದು ಬೇರೆ ಕಡೆ.

ಸೆಟ್ಟಿಂಗ್ಸ್‌ಗೆ ಹೋಗಿ, ಆಪ್ಸ್ ಒಳಗೆ ಡೀಫಾಲ್ಟ್ ಆಪ್ಸ್ ತೆಗೆಯಿರಿ. ಅಲ್ಲಿ ಎಸ್ಎಂಎಸ್ ಆಪ್ ಅಂತ ಇರುತ್ತೆ. ಗುರುತಿಲ್ಲದ ಹೆಸರಿದ್ದರೆ ಬದಲಿಸಿ ಫೋನಿನ ಸ್ವಂತ ಮೆಸೇಜಸ್ ಆಪ್ ಕೂರಿಸಿ. ಆಮೇಲೆ ಎಲ್ಲಾ ಆಪ್‌ಗಳ ಪಟ್ಟಿ ನೋಡಿ. ಮುಖಪುಟದಲ್ಲಿ ಐಕಾನ್ ಬಚ್ಚಿಟ್ಟರೂ ಈ ಪಟ್ಟಿಯಲ್ಲಿ ಸಿಗುತ್ತೆ. ಹೆಸರೇ ಇಲ್ಲದ್ದು, ಬರೀ ಹಸಿರು ರೋಬೋಟ್ ಚಿತ್ರ ಇರುವುದು, ‘ಸಿಸ್ಟಮ್ ಅಪ್‌ಡೇಟ್’ ಅಂತ ದೊಡ್ಡ ಮನುಷ್ಯನ ಹಾಗೆ ಕೂತಿರುವುದು, ಇಂಥವನ್ನು ಹುಡುಕಿ. ಹೆಸರಿನ ಮೇಲೆ ಒತ್ತಿ ಯಾವ್ಯಾವ ಅನುಮತಿ ಇದೆ ನೋಡಿದರೆ ಗೊತ್ತಾಗುತ್ತೆ.

ಅನ್‌ಇನ್‌ಸ್ಟಾಲ್ ಮಸುಕಾಗಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಡಿವೈಸ್ ಅಡ್ಮಿನ್’ ಅಂತ ಹೊಡೆಯಿರಿ. ಫೋನಿನ ಮೇಲೆ ಹೆಚ್ಚಿನ ಅಧಿಕಾರ ಪಡೆದ ಆಪ್‌ಗಳ ಪಟ್ಟಿ ಅದು, ಅಲ್ಲಿ ಆ ಆಪನ್ನು ಆಫ್ ಮಾಡಿ. ಆಕ್ಸೆಸಿಬಿಲಿಟಿಯಲ್ಲೂ ಒಮ್ಮೆ ನೋಡಿ. ಕಣ್ಣು ಕಾಣದವರಿಗೆ, ಕೈ ಅಲುಗಾಡಿಸಲು ಆಗದವರಿಗೆ ಅಂತ ಮಾಡಿದ ಸವಲತ್ತು ಅದು. ಪರದೆ ಓದುತ್ತೆ, ನಿಮ್ಮ ಪರವಾಗಿ ಬಟನ್ ಒತ್ತುತ್ತೆ. ಕಳ್ಳ ಆಪಿಗೆ ಇನ್ನೇನು ಬೇಕು? ತೆಗೆಯಲು ಹೋದಾಗಲೆಲ್ಲ ಪರದೆ ತಾನೇ ಹಿಂದಕ್ಕೆ ಹಾರುತ್ತಿದ್ದರೆ ಇದೇ ಕಾರಣ. ಆಗ ಪವರ್ ಬಟನ್ ಹಿಡಿದು, ಪರದೆಯ ಮೇಲೆ ಬರುವ ಪವರ್ ಆಫ್ ಚಿತ್ರವನ್ನು ಒತ್ತಿಯೇ ಹಿಡಿಯಿರಿ. ಸೇಫ್ ಮೋಡ್ ಕೇಳುತ್ತೆ. ಅದರಲ್ಲಿ ನಾವು ಹಾಕಿಕೊಂಡ ಆಪ್ ಯಾವುದೂ ಓಡಲ್ಲ. ಆರಾಮಾಗಿ ತೆಗೆಯಬಹುದು.

ಇಷ್ಟೆಲ್ಲ ಮಾಡಿದ ಮೇಲೂ, ನಾನಾದರೆ ಫ್ಯಾಕ್ಟರಿ ರೀಸೆಟ್, ಅಂದರೆ ಫೋನ್ ಪೂರ್ತಿ ಅಳಿಸುವುದನ್ನು, ಮಾಡಿಯೇ ಮಲಗುತ್ತೇನೆ. ಒಂದೇ ಆಪ್ ಬಂದಿತ್ತು ಅಂತ ಯಾರು ಹೇಳೋರು? ಉದ್ರಿ ಫೋಟೋ ಚಿಂತೆ ಬೇಡ. ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕ್ಯಾಮೆರಾ ಫೋಲ್ಡರ್ ಸಾಕು. ಡೌನ್‌ಲೋಡ್ ಫೋಲ್ಡರ್, ವಾಟ್ಸಾಪ್ ಡಾಕ್ಯುಮೆಂಟ್ಸ್ ಮುಟ್ಟಬೇಡಿ, ಆ ಲಗ್ನಪತ್ರಿಕೆ ಅಲ್ಲೇ ಕೂತಿರುತ್ತೆ. ರೀಸೆಟ್‌ಗೆ ಮುಂಚೆ ಜಿಮೇಲ್ ಪಾಸ್‌ವರ್ಡ್ ನೆನಪಿದೆಯಾ ನೋಡಿಕೊಳ್ಳಿ. ಸೆಟ್ಟಿಂಗ್ಸ್ ಬಿಟ್ಟು, ಫೋನ್ ಆನ್ ಆಗುವಾಗ ಬಟನ್ ಹಿಡಿದರೆ ಬರುವ ರಿಕವರಿ ಮೆನುವಿನಿಂದ ಅಳಿಸಿದರೆ ಹಳೇ ಜಿಮೇಲ್ ಕೇಳಿ ಫೋನ್ ಬೀಗ ಹಾಕಿಕೊಂಡು ಕೂರುತ್ತೆ. ನನ್ನ ಡ್ರಾಯರಿನಲ್ಲಿ ಹಾಗೆ ಕೂತವು ಈಗಲೂ ಎರಡಿವೆ.

ಕೌಂಟರ್ ನಂಬರ್ 3:

ತಮ್ಮಾ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಫೋನ್ ಆಮೇಲೆ ಸರಿ ಮಾಡಿಕೋ. ಮೊದಲು ಬ್ಯಾಂಕಿಗೆ ತಿಳಿಸು. ದುಡ್ಡು ಹೋಗಿಲ್ಲ ಅಂತ ಸುಮ್ನೆ ಕೂರಬೇಡ.

ಯಾಕೆ ಹೇಳ್ತೀನಿ ಕೇಳು. ಹೊಸ ಫೋನಿನಲ್ಲಿ ಯುಪಿಐ ಹಾಕುವಾಗ ನಿನ್ನ ಸಿಮ್‌ನಿಂದ ಒಂದು ಎಸ್ಎಂಎಸ್ ತಾನಾಗಿ ಹೋಗುತ್ತೆ, ನೋಡಿದ್ದೀಯಲ್ವಾ? ಆ ಒಂದು ಮೆಸೇಜಿನಿಂದಲೇ ಇದು ನಿನ್ನ ನಂಬರ್ ಅಂತ ನಂಬುವುದು. ಮೆಸೇಜ್ ಕಳಿಸುವ ಅಧಿಕಾರ ಆ ಆಪಿಗೆ ಸಿಕ್ಕಿದ್ದರೆ, ಎಲ್ಲೋ ಕೂತವನು ತನ್ನ ಫೋನಿನಲ್ಲಿ ನಿನ್ನ ಹೆಸರಿನ ಯುಪಿಐ ಎಬ್ಬಿಸಲು ನೋಡಬಹುದು. ಹೊಸ ಪಿನ್ ಇಡಲು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು, ಮತ್ತೊಂದು ಓಟಿಪಿ ಬೇಕು. ಓಟಿಪಿ ಆಗಲೇ ಅವನ ಕೈಯಲ್ಲಿದೆ. ಅದಕ್ಕೇ ಕೇಳ್ತಿದ್ದೀನಿ, ಕಾರ್ಡ್ ನಂಬರ್ ಎಲ್ಲಾದರೂ ಹಾಕಿದೆಯಾ? ನಾಚಿಕೆ ಪಡದೆ ಹೇಳು.

ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಮೂರೂ ತಡೆಹಿಡಿಸು. ದೂರಿನ ನಂಬರ್ ಬರೆದಿಟ್ಟುಕೋ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಗ್ರಾಹಕನ ಅಜಾಗರೂಕತೆಯಿಂದ ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಗೆ. ಹಾಗಾಗಿ ನೀನು ಕರೆ ಮಾಡಿದ ಹೊತ್ತು ಯಾವುದು ಅನ್ನುವುದೇ ಮುಖ್ಯವಾಗುತ್ತೆ. ಒಂದು ರೂಪಾಯಿ ಹೋದರೂ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ನಮ್ಮೂರಲ್ಲೇ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ, ಅಲ್ಲೂ ದೂರು ಕೊಡಬಹುದು. ಕೌಂಟರಿನಲ್ಲಿ ಕೂತಾಗ ‘ನಾಳೆ ಬರೋಣ ಅಂದ್ಕೊಂಡೆ ಮೇಡಂ’ ಅನ್ನೋ ಮಾತು ಎಷ್ಟು ಸಲ ಕೇಳಿದ್ದೀನೋ.

ನಿಟುವಳ್ಳಿ ಕಿರಾಣಿ:

ಕಾರ್ಡ್ ನಂಬರ್ ಹಾಕಿಲ್ಲ ಅಕ್ಕಾ, ಆಣೆ. ಕಾರ್ಡ್ ಬೀರುವಿನಲ್ಲಿತ್ತು, ಎದ್ದು ಹೋಗಲು ಸೋಮಾರಿತನ. ಇದ್ದಿದ್ದರೆ ಹಾಕುತ್ತಿದ್ದೆನೋ ಏನೋ. ಈಗಷ್ಟೇ ಮನೆಯಾಕೆ ಫೋನಿನಿಂದ ಬ್ಯಾಂಕಿಗೆ ಹೇಳಿ ಎಲ್ಲಾ ನಿಲ್ಲಿಸಿದೆ. ಸಿಮ್ ಅಪ್ಪನ ಬಟನ್ ಫೋನಿಗೆ ಹಾಕಿದ್ದೇ ತಡ, ಟಣ್ ಅಂತ ಓಟಿಪಿ ಬಂತು. ನಾನು ಕೇಳಿಯೇ ಇರಲಿಲ್ಲ. ಕೈ ತಣ್ಣಗಾಯ್ತು.

ರಿಪೇರಿ ಟೇಬಲ್:

ಸರಿಯಾದ ಹೊತ್ತಿಗೆ ಸಿಮ್ ತೆಗೆದಿದ್ದೀರಿ. ಆ ಬಟನ್ ಫೋನಿನಿಂದಲೇ ##002# ಹೊಡೆದು ಕರೆ ಒತ್ತಿ. ನಿಮ್ಮ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿದ್ದರೆ ರದ್ದಾಗುತ್ತೆ. ಕರೆಯಲ್ಲಿ ಓಟಿಪಿ ಹೇಳುವ ಪದ್ಧತಿಯೂ ಇದೆ ನೋಡಿ, ಅದಕ್ಕೆ. ಫೋನ್ ಸರಿಯಾದ ಮೇಲೆ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್, ಅಂದರೆ ನಿಮ್ಮ ಖಾತೆ ಓಡುತ್ತಿರುವ ಬೇರೆ ಸಾಧನಗಳ ಪಟ್ಟಿ, ತೆರೆದು ಗುರುತಿಲ್ಲದ್ದು ಇದ್ದರೆ ಲಾಗ್‌ಔಟ್ ಮಾಡಿ, ಟೂ ಸ್ಟೆಪ್ ಪಿನ್ ಇಡಿ.

ಇನ್ನೊಂದು ಮರೆಯಬೇಡಿ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆಪ್ಸ್’ ಹುಡುಕಿ. ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದರ ಮುಂದೆ ಒಂದೊಂದು ಬಟನ್ ಇರುತ್ತೆ. ಒಂದೂ ಆನ್ ಇರಬಾರದು. ಭಾನುವಾರ ನೀವು ಆನ್ ಮಾಡಿದ್ದು ಅದನ್ನೇ. ಒಮ್ಮೆ ಆನ್ ಮಾಡಿದರೆ ನಾವಾಗಿ ಆಫ್ ಮಾಡುವವರೆಗೂ ಬಾಗಿಲು ತೆಗೆದೇ ಇರುತ್ತೆ. ಮನೆಯವರೆಲ್ಲರ ಫೋನೂ ನೋಡಿ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೋ ಒತ್ತಿದರೆ ಆಪ್‌ಗಳನ್ನು ತಪಾಸಣೆ ಮಾಡುವ ಪ್ಲೇ ಪ್ರೊಟೆಕ್ಟ್ ಬರುತ್ತೆ, ಅದು ಆನ್ ಇರಲಿ. ಕೆಲವು ಕಳ್ಳ ಆಪ್ ಅದನ್ನೇ ಮೊದಲು ಆಫ್ ಮಾಡಿ ಅಂತ ಹೇಳಿಕೊಡುತ್ತವೆ.

ಖಾಲಿದೋಸೆ:

ಆಂಟಿವೈರಸ್ ಮಾತು ವಾಪಸ್ ತಗೊಂಡೆ. ಆದರೆ ಪ್ಲೇ ಸ್ಟೋರ್‌ನಲ್ಲಿ ಇರುವುದೆಲ್ಲ ಚೊಕ್ಕ ಅಂತಲೂ ಅಲ್ಲ. ಜೋಕರ್ ಅನ್ನೋ ಜಾತಿಯ ಸುಮಾರು 1700 ಕಳ್ಳ ಆಪ್‌ಗಳನ್ನು 2017ರಿಂದ ಈಚೆಗೆ ಹಿಡಿದು ತೆಗೆದಿದ್ದೇವೆ ಅಂತ ಗೂಗಲ್ಲೇ 2020ರಲ್ಲಿ ಹೇಳಿತ್ತು. ಇದನ್ನು ಓದಿದ ಮೇಲೆ ನನ್ನ ಫೋನನ್ನೇ ನೋಡಿಕೊಂಡೆ. ಒಂದು ಟಾರ್ಚ್ ಆಪ್ ಕಾಂಟಾಕ್ಟ್ಸ್, ಮೈಕ್ ಎರಡೂ ಇಟ್ಕೊಂಡಿತ್ತು. ದೀಪ ಹಚ್ಚೋಕೆ ಮೈಕ್ ಯಾಕೆ? ತೆಗೆದು ಬಿಸಾಡಿದೆ. ಫೋನಿನಲ್ಲೇ ಟಾರ್ಚ್ ಇದೆ ಅಂತ ಆಮೇಲೆ ನೆನಪಾಯ್ತು.

ನಿಟುವಳ್ಳಿ ಕಿರಾಣಿ:

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನೀವು ಹೇಳಿದ ಜಾಗದಲ್ಲೇ ಸಿಕ್ಕಿತು. ಎಸ್ಎಂಎಸ್ ಆಪ್ ಅನ್ನೋ ಕಡೆ ಹೆಸರೇ ಇರಲಿಲ್ಲ, ಬರೀ ಒಂದು ಚುಕ್ಕಿ. ಸೇಫ್ ಮೋಡ್‌ನಲ್ಲಿ ತೆಗೆದು, ಉದ್ರಿ ಫೋಟೋ ಇಳಿಸಿಕೊಂಡು, ರೀಸೆಟ್ ಮಾಡಿದೆ. ದುಡ್ಡು ಹೋಗಿಲ್ಲ. ಇವತ್ತು ಬೆಳಗ್ಗೆ ಮೊದಲ ಗಿರಾಕಿ ಅರ್ಧ ಲೀಟರ್ ಹಾಲು ತಗೊಂಡರು. ಡಬ್ಬಿ ಕೂಗಿತು, ಹಿಂದೆಯೇ ಮೆಸೇಜೂ ಬಂತು. ಗ್ರೂಪುಗಳಿಗೆಲ್ಲ ‘ಮದುವೆ ಇಲ್ಲ, ಆ ಫೈಲ್ ಒತ್ತಬೇಡಿ’ ಅಂತ ಹಾಕಿದ್ದೇನೆ. ಒಬ್ಬರು ಮಾತ್ರ ‘ಮದುವೆ ಯಾಕೆ ಮುರೀತು’ ಅಂತ ಕೇಳಿದ್ದಾರೆ.

ಈಗ ಮಾವನ ಕಥೆ. ಅವರ ಫೋನಿನಿಂದ ಫೈಲ್ ಇನ್ನೂ ಹೋಗುತ್ತಲೇ ಇದೆ. ಸಿಮ್ ತೆಗೆಸಿ, ಬ್ಯಾಂಕಿಗೂ ಹೇಳಿಸಿದ್ದೇನೆ. ಭಾನುವಾರ ಹರಿಹರಕ್ಕೆ ಹೋಗಿ ರೀಸೆಟ್ ಮಾಡೋಣ ಅಂದರೆ ಅವರಿಗೆ ಜಿಮೇಲ್ ಪಾಸ್‌ವರ್ಡ್ ಗೊತ್ತಿಲ್ಲ. ಫೋನ್ ತಗೊಂಡಾಗ ಅಂಗಡಿ ಹುಡುಗ ಯಾವುದೋ ಹಾಕಿಕೊಟ್ಟನಂತೆ.

ರಿಪೇರಿ ಟೇಬಲ್:

ರಿಕವರಿ ಕಡೆ ತಲೆ ಹಾಕಬೇಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆಗೆದು ಜಿಮೇಲ್ ಹೆಸರು ಬರೆದುಕೊಳ್ಳಿ. ಪಾಸ್‌ವರ್ಡ್ ಬದಲಿಸುವಾಗ ಗೂಗಲ್ ಆ ಫೋನಿನ ಬೀಗದ ಪಿನ್ ಕೇಳಿ ಬಿಡುವುದುಂಟು. ಅದು ಆಗದಿದ್ದರೆ ಏನೂ ಅಳಿಸದೆ ಹಾಗೇ ನನ್ನ ಹತ್ತಿರ ತನ್ನಿ. ಮಾವನವರನ್ನೂ ಕರ್ಕೊಂಡು ಬನ್ನಿ, ಪಿನ್ ಅವರಿಗಾದರೂ ನೆನಪಿರಬೇಕಲ್ವಾ.