ಕಾನೂನು ಓದುವ ಮೊದಲು ತತ್ತ್ವಶಾಸ್ತ್ರದಲ್ಲಿ ಬಿ.ಎ. ಮಾಡುವುದು ಉಪಯುಕ್ತವೇ?

ಪ್ರಶ್ನೆ (ಮಧುಗಿರಿ):
ಮಾನ್ಯರೇ, ನನ್ನ ತಂಗಿ ಈ ವರ್ಷ ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ವಕೀಲಳಾಗಬೇಕೆಂಬುದು ಅವಳ ದೃಢ ನಿಶ್ಚಯ. ನೇರವಾಗಿ ಐದು ವರ್ಷದ ಕಾನೂನು ಪದವಿಗೆ ಸೇರಲಿ ಎಂಬುದು ನಮ್ಮ ತಂದೆಯವರ ಅಭಿಪ್ರಾಯ. ಅವಳಾದರೋ ಮೊದಲು ತತ್ತ್ವಶಾಸ್ತ್ರವಿರುವ ಬಿ.ಎ. ಮಾಡಿ, ಬಳಿಕ ಮೂರು ವರ್ಷದ ಎಲ್‌ಎಲ್.ಬಿ.ಗೆ ಸೇರುತ್ತೇನೆ ಎನ್ನುತ್ತಿದ್ದಾಳೆ. ಈ ಓದು ಕಾನೂನಿಗೆ ನಿಜವಾಗಿಯೂ ನೆರವಾಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ತುಮಕೂರು, ವಕೀಲರು):
ಅರ್ಹತೆಯ ಬಗ್ಗೆ ಅಂಜಿಕೆ ಬೇಡ. ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ಯಾವ ವಿಷಯದ ಪದವಿಯಾದರೂ ಆದೀತು. ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45 ಅಂಕ ಬೇಕು.

ಉಪಯೋಗದ ಮಾತಿಗೆ ಬರುತ್ತೇನೆ. ನಮ್ಮ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ಹೇತ್ವಾಭಾಸಗಳನ್ನು, ಅಂದರೆ ಮೇಲ್ನೋಟಕ್ಕೆ ಕಾರಣದಂತೆ ಕಂಡರೂ ಏನನ್ನೂ ಸಾಧಿಸದ ಕಾರಣಗಳನ್ನು, ವಿಂಗಡಿಸಿ ಕಲಿಸುತ್ತಾರೆ. ಅವುಗಳಲ್ಲಿ ಸವ್ಯಭಿಚಾರವೆಂಬುದು, ಅಂದರೆ ಒಂದೇ ತೀರ್ಮಾನಕ್ಕೆ ಕಟ್ಟುಬೀಳದ ಕಾರಣವು, ನಮ್ಮ ಕ್ರಿಮಿನಲ್ ಪ್ರಕರಣಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಕೊಲೆ ನಡೆದ ರಾತ್ರಿಯೇ ಆರೋಪಿ ಊರು ಬಿಟ್ಟನು, ಆದ್ದರಿಂದ ಅವನೇ ಕೊಲೆಗಾರ ಎಂದು ಅಭಿಯೋಜಕರು ವಾದಿಸಿದರೆನ್ನಿ. ಪೊಲೀಸರ ಭಯಕ್ಕೆ ನಿರಪರಾಧಿಯೂ ಊರು ಬಿಡುತ್ತಾನಾದ್ದರಿಂದ ಆ ಕಾರಣ ಎರಡೂ ಕಡೆಗೆ ಹೊಂದುತ್ತದೆ. ತಲೆಮರೆಸಿಕೊಂಡದ್ದೊಂದರಿಂದಲೇ ಅಪರಾಧ ಸಾಬೀತಾಗದು ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿರುವುದೂ ಇದನ್ನೇ. ಸಾಕ್ಷ್ಯವನ್ನು ಹೀಗೆ ಬಿಡಿಸಿ ನೋಡುವ ಅಭ್ಯಾಸ ಕಲಿತವರು ಪಾಟೀಸವಾಲಿನಲ್ಲಿ ಬೇಗ ಪಳಗುತ್ತಾರೆ ಎಂಬುದು ನನ್ನ ಅನುಭವ.

ಉತ್ತರ (ಕೋಲಾರ, ನಿವೃತ್ತ ಉಪನ್ಯಾಸಕಿ):
ವಕೀಲರ ಮಾತಿಗೆ ಒಂದು ಸಂಗತಿಯನ್ನು ಸೇರಿಸುತ್ತೇನೆ. ನಮ್ಮ ಭಾಷ್ಯಕಾರರು ತಮ್ಮ ಸಿದ್ಧಾಂತವನ್ನು ಹೇಳುವ ಮುನ್ನ ಪೂರ್ವಪಕ್ಷವನ್ನು, ಅಂದರೆ ಎದುರು ವಾದವನ್ನು, ಎದುರಾಳಿಯೇ ಒಪ್ಪುವಷ್ಟು ಬಲವಾಗಿ, ಮಂಡಿಸುತ್ತಾರೆ. ತೀರ್ಪುಗಳನ್ನು ಓದುವಾಗಲೂ ಇದೇ ಅಭ್ಯಾಸ ಬೇಕು. ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದೆಂಬ ಪ್ರಶ್ನೆಯಿದ್ದ 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು 7–6ರಂತೆ ಭಿನ್ನರಾದರು. ಆ ಆರು ಮಂದಿಯ ವಾದವನ್ನೂ ಗೌರವದಿಂದ ಓದಿದವರಿಗೆ ಮಾತ್ರ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸಲಾಗದೆಂಬ ಸಿದ್ಧಾಂತ ಎಷ್ಟು ಕಠಿಣ ಪ್ರಶ್ನೆಗೆ ಕೊಟ್ಟ ಉತ್ತರವೆಂಬುದು ತಿಳಿಯುತ್ತದೆ. ಎಲ್‌ಎಲ್.ಬಿ.ಯಲ್ಲಿ ಕಡ್ಡಾಯವಾಗಿರುವ ಜ್ಯೂರಿಸ್‌ಪ್ರುಡೆನ್ಸ್ (ಕಾನೂನಿನ ತತ್ತ್ವ) ಪತ್ರಿಕೆಯಲ್ಲಿ ಬರುವ ಆಸ್ಟಿನ್, ಕೆಲ್ಸನ್, ಹಾರ್ಟ್ ಮುಂತಾದ ಚಿಂತಕರೂ ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಅಷ್ಟಾಗಿ ಅಪರಿಚಿತರೆನಿಸುವುದಿಲ್ಲ. ಆದರೆ ಗೈಡು ಉರುಹೊಡೆದು ಪರೀಕ್ಷೆ ಬರೆಯುವುದಾದರೆ ಇದಾವುದೂ ದಕ್ಕುವುದಿಲ್ಲ. ಅದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಉತ್ತರ (ಚಿಂತಾಮಣಿ, ಕಾನೂನು ವಿದ್ಯಾರ್ಥಿ):
ಹಿರಿಯರಿಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಖರ್ಚಿನ ಲೆಕ್ಕವನ್ನೂ ನೋಡಬೇಕು. ಮೂರು ಮತ್ತು ಮೂರು ಸೇರಿದರೆ ಆರು ವರ್ಷ. ಸನ್ನದು ಪಡೆದ ಮೇಲೂ ಕಿರಿಯ ವಕೀಲರಿಗೆ ಮೊದಲ ಕೆಲವು ವರ್ಷ ಸಂಪಾದನೆ ಕಡಿಮೆ. ಮನೆಯಲ್ಲಿ ಅಷ್ಟು ಕಾಲ ತಾಳಿಕೊಳ್ಳುವ ಶಕ್ತಿಯಿಲ್ಲದಿದ್ದರೆ ನಿಮ್ಮ ತಂದೆಯವರ ಮಾತೇ ಸರಿ, ತರ್ಕಶಾಸ್ತ್ರವನ್ನು ಅವಳು ಬಿಡುವಿನಲ್ಲಿ ಓದಿಕೊಳ್ಳಬಹುದು. ಶಕ್ತಿಯಿದ್ದರೆ ಅವಳ ದಾರಿಯೂ ಒಳ್ಳೆಯದೇ, ಏಕೆಂದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ 2022ರಿಂದ ತನ್ನದೇ ಪ್ರವೇಶ ಪರೀಕ್ಷೆಯ ಮೂಲಕ ಪದವೀಧರರನ್ನು ಮೂರು ವರ್ಷದ ಕೋರ್ಸಿಗೆ ಸೇರಿಸಿಕೊಳ್ಳುತ್ತಿದೆ. ಬಿ.ಎ.ಗೆ ಸೇರಿಸುವ ಮೊದಲು ಆ ಕಾಲೇಜಿನಲ್ಲಿ ತರ್ಕಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆ ಇದೆಯೇ, ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿ ತಿದ್ದುತ್ತಾರೆಯೇ ಎಂದು ವಿಭಾಗದವರನ್ನೇ ಹೋಗಿ ಕೇಳಿ.