ಮನೆಯಲ್ಲೇ ಸ್ಟುಡಿಯೊ: ಗುಂಪಿನ ಕಲಾವಿದೆಗೆ ನಿಮ್ಮ ಪ್ರಶ್ನೆಗಳು

ಮನೆಯಲ್ಲಿ ಚಿತ್ರ ಬರೆಯಲು ಜಾಗ ಮಾಡಿಕೊಳ್ಳುವುದು ಹೇಗೆ, ಆ ಜಾಗದಲ್ಲಿ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ ಅಂತ ತುಂಬ ಜನ ಕೇಳುತ್ತಿದ್ದಿರಿ. ಗುಂಪಿನ ಹಿರಿಯ ಸದಸ್ಯೆಯೊಬ್ಬರು ಉತ್ತರ ಕೊಡಲು ಒಪ್ಪಿದ್ದಾರೆ. ಆಯಿಲ್ (ಎಣ್ಣೆ ಬಣ್ಣ) ಮತ್ತು ಜಲವರ್ಣ ಎರಡರಲ್ಲೂ ಕೆಲಸ ಮಾಡುತ್ತಾರೆ. ಮನೆಯೇ ಅವರ ಸ್ಟುಡಿಯೊ.

ಪ್ರಶ್ನೆ: ಮೇಡಂ, ನನಗೆ ಬೇರೆ ರೂಮ್ ಇಲ್ಲ. ಹಾಲ್‌ನ ಮೂಲೆಯಲ್ಲಿ ಒಂದು ಟೇಬಲ್, ಕುರ್ಚಿ ಹಿಡಿಯುವಷ್ಟು ಜಾಗ ಇದೆ. ಇಷ್ಟರಲ್ಲೇ ಶುರು ಮಾಡಲಾ, ರೂಮ್ ಆಗುವವರೆಗೆ ಕಾಯಲಾ?

ಉತ್ತರ: ಕಾಯಬೇಡಿ. ಜಾಗ ಎಷ್ಟು ದೊಡ್ಡದು ಅನ್ನುವುದು ಆಮೇಲಿನ ಮಾತು. ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದರೆ, ನಾಳೆ ಬಂದಾಗ ಅದು ಹಾಗೇ ಇರುತ್ತದಾ? ನಾನು ಮೊದಲು ಕೇಳುವುದು ಇದನ್ನೇ. ಎಲ್ಲವನ್ನೂ ಜೋಡಿಸಲು ಕಾಲು ಗಂಟೆ, ಎತ್ತಿಡಲು ಇನ್ನು ಕಾಲು ಗಂಟೆ ಬೇಕಾದರೆ, ಸುಸ್ತಾದ ದಿನ ನೀವು ಶುರುವನ್ನೇ ಮಾಡುವುದಿಲ್ಲ. ವಾರದಲ್ಲಿ ಅಂಥ ದಿನಗಳೇ ಜಾಸ್ತಿ, ಅಲ್ವಾ?

ಟೇಬಲ್ ಬೇರೆಯವರಿಗೂ ಬೇಕು ಅನ್ನುವುದಾದರೆ ಒಂದು ಪ್ಲೈವುಡ್ ಹಲಗೆ ತಗೊಳ್ಳಿ. ಪ್ಯಾಲೆಟ್ (ಬಣ್ಣ ಬೆರೆಸುವ ತಟ್ಟೆ), ಬ್ರಶ್, ನೀರಿನ ಡಬ್ಬಿ, ಅರ್ಧಂಬರ್ಧ ಚಿತ್ರ ಎಲ್ಲ ಅದರ ಮೇಲೇ ಇರಲಿ. ಎದ್ದು ಹೋಗುವಾಗ ನೀರು ಚೆಲ್ಲಿ, ಹಲಗೆ ಸಮೇತ ಎತ್ತಿ ಬೀರುವಿನ ಮೇಲೆ ಇಟ್ಟುಬಿಡಿ.

ಇಟಲಿಯ ಚಿತ್ರಕಾರ ಜಾರ್ಜಿಯೊ ಮೊರಾಂಡಿ ಬೊಲೊನ್ಯಾ ಊರಿನ ಮನೆಯಲ್ಲಿ ಮೂವರು ತಂಗಿಯರ ಜೊತೆ ಇದ್ದರು. ಮಲಗುವ ಕೋಣೆಯೇ ಅವರ ಸ್ಟುಡಿಯೊ. ಒಂದು ಸಣ್ಣ ಮಂಚ, ಉಳಿದ ಕಡೆಯೆಲ್ಲ ಬಾಟಲಿ, ಹೂಜಿ, ಡಬ್ಬಿ. ಅವುಗಳ ಮೇಲೆ ಧೂಳು ಕೂತರೂ ಒರೆಸುತ್ತಿರಲಿಲ್ಲವಂತೆ. ದಶಕಗಳ ಕಾಲ ಅವೇ ಸಾಮಾನುಗಳನ್ನು ಇಟ್ಟುಕೊಂಡು ಬರೆದರು. ರೂಮ್ ಸಾಲದು ಅನ್ನುವವರಿಗೆ ನಾನು ಇವರ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಪ್ರಶ್ನೆ: ಬೆಳಕಿನ ಬಗ್ಗೆ ಹೇಳಿ. ನನಗೆ ಸಿಗುವುದು ರಾತ್ರಿ ಹೊತ್ತು ಮಾತ್ರ. ರಾತ್ರಿ ಚೆನ್ನಾಗಿ ಕಂಡದ್ದು ಬೆಳಿಗ್ಗೆ ನೋಡಿದರೆ ಬೇರೆಯೇ ಇರುತ್ತದೆ.

ಉತ್ತರ: ಅದು ಬಲ್ಬಿನ ಆಟ. ಹಳದಿ ಬಲ್ಬಿನ ಕೆಳಗೆ ಬಿಳಿ ಹಾಳೆಯೂ ಸ್ವಲ್ಪ ಹಳದಿಯಾಗಿರುತ್ತದೆ. ಅದರ ಮೇಲೆ ತಿಳಿ ಹಳದಿ ಎಳೆದರೆ ಕಾಣುವುದೇ ಇಲ್ಲ, ಅದಕ್ಕೆ ಇನ್ನೊಂದು ಪದರ ಹಾಕುತ್ತೀರಿ. ನೀಲಿ ಮಂಕಾಗಿ ಕಾಣುತ್ತದೆ, ಅದಕ್ಕೆ ನೀಲಿಯನ್ನೂ ಜಾಸ್ತಿ ಬೆರೆಸುತ್ತೀರಿ. ಬೆಳಿಗ್ಗೆ ಕಿಟಕಿ ಬೆಳಕು ಬಿದ್ದಾಗ ಚಿತ್ರದ ಹುಲ್ಲೆಲ್ಲ ನೀಲಿ ತಿರುಗಿರುತ್ತದೆ.

ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ ಎರಡು ಅಂಕಿ ನೋಡಿ. ಒಂದು ಕೆಲ್ವಿನ್: 5000 ಆಸುಪಾಸು ಇರಲಿ. 2700 ಅಂದರೆ ಹಳದಿ, 6500 ಅಂದರೆ ನೀಲಿಯ ಕಡೆಗೆ. ಇನ್ನೊಂದು ಸಿಆರ್‌ಐ, ಅಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಳತೆ. ಇದು 100ಕ್ಕೆ ಲೆಕ್ಕ. 90ಕ್ಕಿಂತ ಮೇಲಿರಲಿ. ಎಷ್ಟೋ ಜನ ಕೆಲ್ವಿನ್ ನೋಡಿ ಸಿಆರ್‌ಐ ಬಿಟ್ಟುಬಿಡುತ್ತಾರೆ. ಆಗ ಬಲ್ಬ್ ಬೆಳ್ಳಗೆ ಉರಿಯುತ್ತದೆ, ಆದರೆ ಕೆಂಪು ಸತ್ತಂತೆ ಕಾಣುತ್ತದೆ. ಪ್ಯಾಲೆಟ್ ಮೇಲೂ ಚಿತ್ರದ ಮೇಲೂ ಒಂದೇ ಬೆಳಕು ಬೀಳಬೇಕು. ಒಂದರ ಮೇಲೆ ಬಲ್ಬ್, ಇನ್ನೊಂದರ ಮೇಲೆ ಕಿಟಕಿ ಆದರೆ ಬೆರೆಸಿದ ಬಣ್ಣ ಕೂರುವುದಿಲ್ಲ.

ಹಗಲು ಕೆಲಸ ಮಾಡುವವರಿಗೆ: ಭೂಮಧ್ಯರೇಖೆಯಿಂದ ಮೇಲಿರುವ ದೇಶಗಳಲ್ಲಿ ಉತ್ತರದ ಕಿಟಕಿ ಒಳ್ಳೆಯದು, ಕೆಳಗಿನ ದೇಶಗಳಲ್ಲಿ ದಕ್ಷಿಣದ್ದು. ನೇರ ಬಿಸಿಲು ಕಡಿಮೆ, ಹಾಗಾಗಿ ನೆರಳು ಗಂಟೆಗೊಂದು ಕಡೆ ಓಡಾಡುವುದಿಲ್ಲ. ಬಲಗೈಯವರಾದರೆ ಬೆಳಕು ಎಡಗಡೆಯಿಂದ ಬರಲಿ, ಇಲ್ಲದಿದ್ದರೆ ಕುಂಚದ ತುದಿಗೆ ನಿಮ್ಮ ಕೈಯೇ ನೆರಳು. ಪಕ್ಕದ ಗೋಡೆ ಬಿಳಿ ಅಥವಾ ಬೂದು ಇದ್ದರೆ ಸಾಕು. ಕೆಂಪು ಗೋಡೆ ಅದರ ಬಣ್ಣವನ್ನು ಹಾಳೆಗೆ ಹೊಡೆಯುತ್ತದೆ.

ಪ್ರಶ್ನೆ: ಈಸೆಲ್, ಅಂದರೆ ಚಿತ್ರ ನಿಲ್ಲಿಸುವ ಸ್ಟ್ಯಾಂಡ್, ಬೇಕೇ ಬೇಕಾ?

ಉತ್ತರ: ಜಲವರ್ಣಕ್ಕೆ ಬೇಡ. ಹಲಗೆಯ ಹಿಂಭಾಗಕ್ಕೆ ಎರಡು ಪುಸ್ತಕ ಕೊಟ್ಟರೆ ಆಯಿತು. ಆಯಿಲ್‌ಗೆ ಇದ್ದರೆ ಒಳ್ಳೆಯದು, ಆದರೆ ಅದಕ್ಕಿಂತ ಹಿಂದಕ್ಕೆ ನಾಲ್ಕು ಹೆಜ್ಜೆ ಹೋಗಿ ನೋಡುವಷ್ಟು ಜಾಗ ಮುಖ್ಯ. ಜಾಗ ಇಲ್ಲದಿದ್ದರೆ ಬೆನ್ನ ಹಿಂದೆ ಕನ್ನಡಿ ತೂಗುಹಾಕಿ. ತಿರುಗಿ ನೋಡಿದರೆ ಚಿತ್ರ ದೂರವೂ ಕಾಣುತ್ತದೆ, ಎಡಬಲವೂ ಅದಲುಬದಲಾಗುತ್ತದೆ. ವಾಲಿರುವ ಮುಖ, ಸೊಟ್ಟ ಗೋಡೆ ತಕ್ಷಣ ಗೊತ್ತಾಗುತ್ತವೆ.

ಪ್ರಶ್ನೆ: ಅಕ್ಕಾ, ಮನೆಯಲ್ಲಿ ಚಿಕ್ಕ ಮಗು ಇದೆ. ಆಯಿಲ್ ಬಣ್ಣ ತೆಳು ಮಾಡುವ ಟರ್ಪೆಂಟೈನ್ ವಾಸನೆಗೆ ಭಯ ಆಗುತ್ತದೆ. ಕಿಟಕಿ ತೆರೆದಿಟ್ಟರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲಮ್ಮ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಟರ್ಪೆಂಟೈನ್ ಆವಿ ಗಾಳಿಗಿಂತ ಭಾರ. ಅದು ನೆಲದ ಕಡೆಗೆ ಇಳಿಯುತ್ತದೆ, ಅಂದರೆ ನೆಲದ ಮೇಲೆ ಆಡುವ ಮಗುವಿನ ಮೂಗಿನ ಮಟ್ಟಕ್ಕೆ. ಒಂದು ಕಿಟಕಿ ತೆರೆದರೆ ಗಾಳಿ ಆಡುತ್ತದೆ ಅಂತ ಏನಿಲ್ಲ. ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಫ್ಯಾನ್ ಹೊರಗೆ ತಳ್ಳಬೇಕು. ಚಿತ್ರಕ್ಕೂ ಫ್ಯಾನಿಗೂ ನಡುವೆ ನಿಮ್ಮ ಮುಖ ಇರಬಾರದು. "ವಾಸನೆ ಇಲ್ಲದ" ಥಿನ್ನರ್ ಅಂತ ಮಾರುತ್ತಾರಲ್ಲ, ಅದೂ ಆವಿಯಾಗುತ್ತದೆ. ವಾಸನೆ ಬರದ ಕಾರಣ ನೀವು ಎಚ್ಚರ ತಪ್ಪುತ್ತೀರಿ, ಅಷ್ಟೇ.

ಚಿಕ್ಕ ಮಗು ಇರುವ ಮನೆಯಲ್ಲಿ ನನ್ನ ಸಲಹೆ ಥಿನ್ನರನ್ನೇ ಬಿಡುವುದು. ಬ್ರಶ್ಶನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸ್ವಲ್ಪ ಎಣ್ಣೆಯಲ್ಲಿ ಆಡಿಸಿ, ಮತ್ತೆ ಒರೆಸಿ. ಕೊನೆಗೆ ಸೋಪು, ನೀರು. ನೀರಿನಲ್ಲಿ ತೊಳೆಯಬಹುದಾದ ಆಯಿಲ್ ಬಣ್ಣಗಳೂ ಸಿಗುತ್ತವೆ.

ಇನ್ನು ಆ ಒರೆಸಿದ ಬಟ್ಟೆ. ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಆಯಿಲ್ ಬಣ್ಣದಲ್ಲಿರುವ ಲಿನ್ಸೀಡ್ (ಅಗಸೆ) ಎಣ್ಣೆ ನೀರಿನ ಹಾಗೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಬಟ್ಟೆ ಹರಡಿದ್ದರೆ ಬಿಸಿ ಹೊರಗೆ ಹೋಗುತ್ತದೆ. ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಒಳಗೇ ಉಳಿದು ಏರುತ್ತಾ ಹೋಗುತ್ತದೆ. ಯಾರೂ ಕಡ್ಡಿ ಗೀರದೆ ಬಟ್ಟೆ ಹೊತ್ತಿಕೊಳ್ಳಬಹುದು. ಹಾಗಾಗಿ ಒಂದೊಂದೇ ಬಟ್ಟೆಯನ್ನು ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರು ತುಂಬಿದ, ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಪ್ರಶ್ನೆ: ಹಾಗಾದರೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವೇ ವಾಸಿ ಅಲ್ವಾ?

ಉತ್ತರ: ಆ ಮಟ್ಟಿಗೆ ಹೌದು. ಆದರೆ ಅದು ಪ್ಲಾಸ್ಟಿಕ್. ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ತಳ ಕಟ್ಟಲು ಬಿಟ್ಟು ಮೇಲಿನ ತಿಳಿ ಬಸಿಯಿರಿ, ಕೆಳಗಿನ ಕೆಸರು ಒಣಗಿದ ಮೇಲೆ ಕಸಕ್ಕೆ ಹಾಕಿ. ಬಣ್ಣ ಯಾವುದೇ ಇರಲಿ, ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಚಟ ಬಿಡಿ. ಕ್ಯಾಡ್ಮಿಯಂ, ಕೋಬಾಲ್ಟ್ ಅನ್ನುವ ವಿಷದ ಲೋಹ ಇರುವ ಬಣ್ಣ ಒಣಗಿದ ಮೇಲೆ ಉಜ್ಜಿ ಪುಡಿ ಎಬ್ಬಿಸಬೇಡಿ.

ಪ್ರಶ್ನೆ: ದುಡ್ಡು ಕಡಿಮೆ ಇದ್ದಾಗ ಮೊದಲು ಯಾವುದಕ್ಕೆ ಹಾಕಬೇಕು?

ಉತ್ತರ: ಜಲವರ್ಣವಾದರೆ ಕಾಗದಕ್ಕೆ. 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಕ) ಇರುವ ಹತ್ತಿ ಕಾಗದ. ತೆಳು ಕಾಗದ ಒದ್ದೆಯಾದ ಕೂಡಲೇ ಉಬ್ಬುತ್ತದೆ, ನೀವು ನಿಮ್ಮ ಕೈಯನ್ನು ಬೈದುಕೊಳ್ಳುತ್ತೀರಿ. ಬಣ್ಣ ಆರು ಟ್ಯೂಬ್ ಸಾಕು: ಹಳದಿ, ಕೆಂಪು, ನೀಲಿ, ಪ್ರತಿಯೊಂದರಲ್ಲಿ ಬೆಚ್ಚನೆಯದು (ಕೆಂಪು-ಹಳದಿ ಕಡೆ ವಾಲುವುದು) ಒಂದು, ತಣ್ಣನೆಯದು (ನೀಲಿ-ಹಸಿರು ಕಡೆ ವಾಲುವುದು) ಒಂದು. ಟ್ಯೂಬಿನ ಹಿಂದೆ ಸಣ್ಣ ಅಕ್ಷರದ ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ಸಂಖ್ಯೆ ಓದಿ. ಪಿಬಿ 29 ಅಂದರೆ ಅಲ್ಟ್ರಾಮರೀನ್ ನೀಲಿ, ಬೆಳಕಿಗೆ ಮಾಸುವುದಿಲ್ಲ. ಪಿಆರ್ 83 ಅಂದರೆ ಹಳೆಯ ಅಲಿಜರಿನ್ ಕ್ರಿಮ್ಸನ್ ಅನ್ನುವ ಕೆಂಪು, ತೆಳುವಾಗಿ ಹಚ್ಚಿದರೆ ಬಿಸಿಲಿಗೆ ಹಾರಿಹೋಗುತ್ತದೆ. ಮಾರುವ ಚಿತ್ರಕ್ಕೆ ಅದನ್ನು ಬಳಸುವುದು ನನಗೆ ಸರಿ ಅನಿಸುವುದಿಲ್ಲ.

ಪ್ರಶ್ನೆ: ಜಾಗ ಇದೆ, ಬಣ್ಣ ಇದೆ. ಆಫೀಸು ಮುಗಿಸಿ ಬಂದು ಕೂತರೆ ತಲೆ ಖಾಲಿ. ಸುಮ್ನೆ ಫೋನ್ ನೋಡುತ್ತಾ ಒಂದು ಗಂಟೆ ಹೋಗುತ್ತದೆ. ನನ್ನಲ್ಲಿ ಏನೂ ಉಳಿದಿಲ್ಲ ಅನಿಸುತ್ತದೆ.

ಉತ್ತರ: ಖಾಲಿಯಾಗಿರುವುದಕ್ಕೂ ದಣಿದಿರುವುದಕ್ಕೂ ವ್ಯತ್ಯಾಸ ಇದೆ. ದಣಿದವರು ಖಾಲಿ ಹಾಳೆಯ ಮುಂದೆ ಕೂತರೆ ಖಾಲಿಯಾದ ಹಾಗೇ ಅನಿಸುತ್ತದೆ. ಆದ್ದರಿಂದ ಖಾಲಿ ಹಾಳೆಯ ಮುಂದೆ ಕೂರಲೇಬೇಡಿ.

ನಾನು ಏಳುವಾಗ ಏನನ್ನಾದರೂ ಬೇಕಂತಲೇ ಮುಗಿಸದೆ ಬಿಡುತ್ತೇನೆ. ಮಾಡುವುದು ಏನು ಅಂತ ಗೊತ್ತಿರುವ, ಸುಲಭದ ಕೆಲಸವೇ ಆಗಬೇಕು. ಆಮೇಲೆ ಮಾಸ್ಕಿಂಗ್ ಟೇಪಿನ ಚೂರೊಂದರ ಮೇಲೆ ಬರೆದು ಹಲಗೆಗೆ ಅಂಟಿಸುತ್ತೇನೆ: "ಎಡ ಮರದ ನೆರಳು, ಇನ್ನೂ ತಣ್ಣಗೆ." ಮಾರನೇ ದಿನ ಯೋಚಿಸುವ ಕೆಲಸವಿಲ್ಲ. ನೆರಳಿಗೆ ಬಣ್ಣ ಬೆರೆಸುತ್ತಿದ್ದಂತೆ ಪಕ್ಕದ ಹುಲ್ಲು ಸರಿಯಿಲ್ಲ ಅಂತ ಕಾಣುತ್ತದೆ, ಕೈ ಅಲ್ಲಿಗೆ ಹೋಗುತ್ತದೆ. ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಅದೂ ಆಗದ ದಿನಕ್ಕೆ ಬುದ್ಧಿ ಬೇಡದ ಕೆಲಸ ಇಟ್ಟುಕೊಳ್ಳಿ. ಕಾಗದ ಕತ್ತರಿಸುವುದು, ಕ್ಯಾನ್ವಾಸಿಗೆ ಗೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪ) ಬಳಿಯುವುದು, ಎರಡೆರಡು ಬಣ್ಣ ಬೆರೆಸಿ ಚಾರ್ಟ್ ಮಾಡುವುದು. ಇವೂ ಸ್ಟುಡಿಯೊ ಕೆಲಸವೇ. ಹೊಸ ಹೊಸ ವಿಷಯ ಹುಡುಕುವುದನ್ನೂ ನಿಲ್ಲಿಸಿ. ಒಂದೇ ವಸ್ತುವನ್ನು ಸಾಲಾಗಿ ಬರೆಯಿರಿ. ಫ್ರಾನ್ಸಿನ ಚಿತ್ರಕಾರ ಮೋನೆ 1892ರಿಂದ 1894ರವರೆಗೆ ಅಲ್ಲಿನ ರೂವಾನ್ ಊರಿನ ಚರ್ಚಿನ ಅದೇ ಮುಂಭಾಗವನ್ನು 30ಕ್ಕೂ ಹೆಚ್ಚು ಸಲ ಬರೆದರು. ಕಲ್ಲು ಅದೇ, ಬೆಳಕು ಮಾತ್ರ ಬೇರೆ. ಫೋನು ಇನ್ನೊಂದು ರೂಮಿನಲ್ಲಿರಲಿ, ಇದಕ್ಕೆ ನನ್ನ ಬಳಿ ಬೇರೆ ಮದ್ದಿಲ್ಲ.

ಪ್ರಶ್ನೆ: ನನ್ನದು ಉಲ್ಟಾ. ಆರ್ಡರ್ ಸಾಕಷ್ಟಿದೆ. ಬೇರೆಯವರಿಗೆ ಭಾವಚಿತ್ರ ಬರೆದು ಬರೆದು ನನ್ನದು ಅಂತ ಏನೂ ಆಗುತ್ತಿಲ್ಲ. ಏನಾದರೂ ಮಾಡಿದರೂ ಆನ್‌ಲೈನ್ ಹಾಕಿದಾಗ ಲೈಕ್ ಬರುವುದಿಲ್ಲ.

ಉತ್ತರ: ಆರ್ಡರ್ ಬಿಡಿ ಅಂತ ನಾನು ಹೇಳುವುದಿಲ್ಲ, ಮನೆ ನಡೆಯಬೇಕಲ್ಲ. ಆದರೆ ದಿನದ ಮೊದಲ ಹೊತ್ತು ನಿಮ್ಮ ಚಿತ್ರಕ್ಕೆ ಕೊಡಿ, ಅರ್ಧ ಗಂಟೆಯಾದರೂ ಸರಿ. ಆರ್ಡರಿಗೆ ಗಡುವು ಇರುತ್ತದೆ, ಅದು ಹೇಗೂ ಮುಗಿಯುತ್ತದೆ. ನಿಮ್ಮ ಚಿತ್ರವನ್ನು ಕೇಳುವವರು ಯಾರೂ ಇಲ್ಲ, ಕೊನೆಗೆ ಇಟ್ಟರೆ ಅದು ಆಗುವುದೇ ಇಲ್ಲ. ಸಾಧ್ಯವಾದರೆ ಎರಡಕ್ಕೂ ಬೇರೆ ಅಳತೆ, ಬೇರೆ ಮಾಧ್ಯಮ ಇಟ್ಟುಕೊಳ್ಳಿ. ಮತ್ತೆ, ಸಾಲಿನಲ್ಲಿ ಏಳೆಂಟು ಚಿತ್ರ ಆಗುವವರೆಗೆ ಯಾವುದನ್ನೂ ಆನ್‌ಲೈನ್ ಹಾಕಬೇಡಿ. ಎರಡನೆಯದಕ್ಕೇ ಲೈಕ್ ಎಣಿಸಿದರೆ ಮೂರನೆಯದನ್ನು ಜನಕ್ಕೋಸ್ಕರ ಬರೆಯುತ್ತೀರಿ.

ಪ್ರಶ್ನೆ: ಕೊನೆಯದಾಗಿ, ಆಯಿಲ್ ಚಿತ್ರ ಒಣಗಿಸಲು ಜಾಗ ಇಲ್ಲ. ಮಂಚದ ಕೆಳಗೆ ಇಡಬಹುದಾ?

ಉತ್ತರ: ಇಡಬೇಡಿ. ಮಲಗುವ ರೂಮಿನಲ್ಲಿ ವಾಸನೆ, ಧೂಳು ಒಂದು ಕಡೆ. ಕತ್ತಲೆಯಲ್ಲಿ ಲಿನ್ಸೀಡ್ ಎಣ್ಣೆ ಹಳದಿ ತಿರುಗುತ್ತದೆ ಅನ್ನುವುದು ಇನ್ನೊಂದು ಕಡೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಪಟ್ಟಿ ಹೊಡೆದು ಚಿತ್ರಗಳನ್ನು ಮುಂದಕ್ಕೆ ಸ್ವಲ್ಪ ಬಾಗಿಸಿ ತೂಗುಹಾಕಿ. ಧೂಳು ಮುಂಭಾಗಕ್ಕೆ ಬೀಳುವುದಿಲ್ಲ, ಬೆಳಕೂ ಸಿಗುತ್ತದೆ. ಈಗಾಗಲೇ ಇಟ್ಟು ಹಳದಿಯಾಗಿದ್ದರೆ ಹೊರಗೆ ತಂದು ಕಿಟಕಿ ಬೆಳಕಿಗೆ ಕೆಲವು ವಾರ ಇಡಿ, ನೇರ ಬಿಸಿಲಿಗೆ ಬೇಡ. ಪೂರ್ತಿ ಅಲ್ಲದಿದ್ದರೂ ಸುಮಾರು ಮಟ್ಟಿಗೆ ತಿಳಿಯಾಗುತ್ತದೆ.