‘ತಯಾರಕ’ ಎಂದರೆ ಯಾರು: ಕಾರು ಕಟ್ಟಿದವರೋ, ಎಂಜಿನ್ ಕೊಟ್ಟವರೋ?

ಪ್ರಶ್ನೆ (ಚಿಕ್ಕಮಗಳೂರು):

ಫಾರ್ಮುಲಾ ಒನ್ ಸುದ್ದಿಯಲ್ಲಿ ‘ಕನ್‌ಸ್ಟ್ರಕ್ಟರ್’ ಎಂಬುದಕ್ಕೆ ‘ತಯಾರಕ’ ಎಂದು ಬರೆಯುತ್ತಾರೆ. ಎಂಜಿನ್ ಮಾಡಿದ ಕಂಪನಿಗೂ ಅದೇ ಮಾತು. ಹೋಂಡಾ ವಿಷಯಕ್ಕೆ ಬಂದರೆ ಲೆಕ್ಕವೇ ತಪ್ಪುತ್ತದೆ. 1988ರ 16 ರೇಸ್‌ಗಳಲ್ಲಿ 15ನ್ನು ಗೆದ್ದ ಕಾರಿನೊಳಗಿದ್ದದ್ದು ಹೋಂಡಾ ಎಂಜಿನ್. ‘ತಯಾರಕರ ಪ್ರಶಸ್ತಿ’ ಹೋದದ್ದು ಕಾರು ಕಟ್ಟಿದ ಮೆಕ್ಲಾರೆನ್ ತಂಡಕ್ಕೆ. ನಮ್ಮ ಕಡೆ ಗೊಂದಲ ಇನ್ನೂ ಒಂದು ಕೈ ಹೆಚ್ಚು. ಕಾಫಿ ತೋಟದ ಮಣ್ಣುರಸ್ತೆಯ ರ‍್ಯಾಲಿಗೆ ‘ಗಾಡಿ ತಯಾರು ಮಾಡೋದು’ ಅಂದರೆ ಗ್ಯಾರೇಜಿನ ಕೆಲಸ: ಹಿಂದಿನ ಸೀಟು ಕಿತ್ತು ರೋಲ್ ಕೇಜ್ (ಗಾಡಿ ಮಗುಚಿದರೆ ಒಳಗಿದ್ದವರನ್ನು ಕಾಯುವ ಪಂಜರ) ವೆಲ್ಡ್ ಮಾಡುವುದು, ಕಲ್ಲು ಬಡಿಯದಂತೆ ಎಂಜಿನ್ ಅಡಿಗೆ ಗಾರ್ಡ್ ಕೂರಿಸುವುದು, ಶಾಕ್ ಅಬ್ಸಾರ್ಬರ್ ಬದಲಿಸುವುದು. ಈ ಮೂವರಿಗೂ ಬೇರೆ ಬೇರೆ ಮಾತು ಇದೆಯೇ?

ಉತ್ತರ (ಹಾಸನ):

ಬೇರೆ ಮಾಡಲೇಬೇಕು. ನಿಯಮದ ಪ್ರಕಾರ ಚಾಸಿ, ಅಂದರೆ ಕಾರಿನ ಮೂಲ ಚೌಕಟ್ಟು, ಯಾರದೋ ಪ್ರಶಸ್ತಿ ಅವರದು. ‘ಮೆಕ್ಲಾರೆನ್-ಹೋಂಡಾ’ ಎಂಬಲ್ಲಿ ಚಾಸಿಯವರ ಹೆಸರು ಮೊದಲು, ಎಂಜಿನ್‌ನವರದು ಆಮೇಲೆ. ಬಸ್ಸು, ಲಾರಿಗೆ ‘ಬಾಡಿ ಕಟ್ಟಿಸೋದು’ ಅನ್ನುತ್ತೇವಲ್ಲ, ಆ ‘ಕಟ್ಟು’ ಇಲ್ಲಿಗೆ ಸರಿಹೊಂದುತ್ತದೆ: ಕಾರು ಕಟ್ಟಿದವರು, ಎಂಜಿನ್ ಕೊಟ್ಟವರು. ‘ತಯಾರು ಮಾಡಿದವರು’ ಗ್ಯಾರೇಜಿನವರಿಗೇ ಇರಲಿ.

ಹೀಗೆ ಬಿಡಿಸಿದರೆ ಹೋಂಡಾದ ಏಳುಬೀಳು ತಿಳಿಯಾಗುತ್ತದೆ. ತನ್ನದೇ ಹೆಸರಿನ ಕಾರಿನಲ್ಲಿ ಗೆದ್ದದ್ದು ಮೂರೇ ರೇಸ್: 1965ರಲ್ಲಿ ಮೆಕ್ಸಿಕೊ, 1967ರಲ್ಲಿ ಇಟಲಿ, 2006ರಲ್ಲಿ ಹಂಗೆರಿ. ಬರೀ ಎಂಜಿನ್ ಕೊಟ್ಟಾಗ 1986ರಿಂದ 1991ರವರೆಗೆ ಸತತ ಆರು ಪ್ರಶಸ್ತಿ. ಮೊದಲೆರಡು ವಿಲಿಯಮ್ಸ್ ತಂಡಕ್ಕೆ, ಉಳಿದವು ಮೆಕ್ಲಾರೆನ್‌ಗೆ. 2009ರದು ಇನ್ನೂ ವಿಚಿತ್ರ. ಹೋಂಡಾ ತಂಡದಲ್ಲಿ ರೂಪುಗೊಂಡ ಕಾರು, ಕಂಪನಿ ಫಾರ್ಮುಲಾ ಒನ್ ಬಿಟ್ಟ ಮೇಲೆ ಮರ್ಸಿಡಿಸ್ ಎಂಜಿನ್ ಹೊತ್ತು ಬ್ರಾನ್ ಎಂಬ ಹೊಸ ತಂಡದ ಹೆಸರಿನಲ್ಲಿ ಪ್ರಶಸ್ತಿ ಗೆದ್ದಿತು. ಇದನ್ನು ‘ತಯಾರಕ’ ಒಂದರಲ್ಲೇ ಹೇಳಲು ಹೊರಟರೆ ಓದುಗನಿಗೆ ಏನೂ ಅರ್ಥವಾಗದು.

ಸೋಲು ವಿವರಿಸುವಾಗಲಂತೂ ಈ ಭೇದ ಬೇಕೇ ಬೇಕು. 2015ರಲ್ಲಿ ಮೆಕ್ಲಾರೆನ್‌ಗೆ ಕಾರಿನ ಹಿಂಭಾಗ ಆದಷ್ಟು ಸಪೂರ ಬೇಕಿತ್ತು. ಅದಕ್ಕಾಗಿ ಹೋಂಡಾ ಟರ್ಬೊದ ಕಂಪ್ರೆಸರನ್ನು (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಕಿರಿದು ಮಾಡಿ, ಎಂಜಿನ್ನಿನ ಎರಡು ಸಿಲಿಂಡರ್ ಸಾಲುಗಳ ನಡುವಿನ ‘ವಿ’ ಸಂದಿಯೊಳಗೆ ಕೂರಿಸಿತು. ಟರ್ಬೊ ಹೀಗೆ ಕಿರಿದಾದ್ದರಿಂದ ಎಕ್ಸಾಸ್ಟ್ ಶಾಖದಿಂದ ಸಾಕಷ್ಟು ವಿದ್ಯುತ್ ಹುಟ್ಟಲಿಲ್ಲ. ಉದ್ದನೆಯ ನೇರ ಹಾದಿಯ ನಡುವೆಯೇ ವಿದ್ಯುತ್ ಮೋಟರಿನ ನೆರವು ಮುಗಿದುಹೋಗುತ್ತಿತ್ತು. ಕೊನೆಗೆ 27 ಅಂಕ, 10 ತಂಡಗಳಲ್ಲಿ 9ನೆಯ ಸ್ಥಾನ. ‘ತಯಾರಕರ ವೈಫಲ್ಯ’ ಎಂದು ಬರೆದರೆ ಯಾರ ತಪ್ಪು ಎಂಬುದೇ ಮರೆಯಾಗುತ್ತದೆ.

ಅಂಕಪಟ್ಟಿಯ ತಲೆಬರಹಕ್ಕೆ ‘ಕಟ್ಟಿದವರು’ ಹೊಂದದಿದ್ದರೆ ‘ಕಟ್ಟುಗರು’ ಬಳಸಬಹುದು. ‘ನಿರ್ಮಾಪಕ’ ಬೇಡ, ಆ ಪದ ಕೇಳಿದೊಡನೆ ಜನಕ್ಕೆ ನೆನಪಾಗುವುದು ಸಿನಿಮಾ.